ಎತ್ತರದ ಚಿತ್ರ ಬಿಡಿ, ಬಾಗಿಲು ಎಣಿಸಿ

ದೊಡ್ಡ ಊರು ಯಾವುದೇ ಇರಲಿ, ಅದರ ನಟ್ಟನಡುವೆ ಇಂಥದ್ದೊಂದು ಜಾಗ ಇದ್ದೇ ಇರುತ್ತದೆ. ಪೂರ್ತಿ ಖಾಲಿ ಅಲ್ಲ, ಪೂರ್ತಿ ಬಳಕೆಯಲ್ಲೂ ಇಲ್ಲ. ಒಂದು ಮೂಲೆಯಲ್ಲಿ ಬೀಗ ಹಾಕಿದ ಗೋದಾಮು, ರಸ್ತೆ ಕಡೆಗೆ ಅರ್ಧಕ್ಕರ್ಧ ಶಟರ್ ಎಳೆದ ಅಂಗಡಿ ಸಾಲು, ಉಳಿದದ್ದೆಲ್ಲ ಕಾರು ನಿಲ್ಲಿಸುವ ಬಯಲು. ಆಫೀಸು ಬಿಟ್ಟ ಮೇಲೆ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ನೀರು, ಕರೆಂಟು, ಒಳಚರಂಡಿ, ಬಸ್ಸು, ರೈಲು ಎಲ್ಲ ಪಕ್ಕದಲ್ಲೇ ಇವೆ. ಆದರೂ ಜಾಗ ಸುಮ್ನೆ ಬಿದ್ದಿದೆ. ಅದೇ ಊರಿನ ಜನ ನಡುವೆ ಮನೆ ಸಿಗದೆ ಊರಾಚೆ ಹೋಗಿ, ದಿನಾ ಬೆಳಗ್ಗೆ ಆ ಜಾಗವನ್ನೇ ದಾಟಿಕೊಂಡು ಕೆಲಸಕ್ಕೆ ಬರುತ್ತಾರೆ.

ಒಂದಲ್ಲ ಒಂದು ದಿನ ಅಲ್ಲಿ ತಗಡಿನ ಬೇಲಿ ಏಳುತ್ತದೆ, ಬೇಲಿ ಮೇಲೆ ಚಿತ್ರ ಬರುತ್ತದೆ. ಆ ಚಿತ್ರ ನಿಮಗೂ ಗೊತ್ತು. ಹೊಳೆಯುವ ಗಾಜಿನ ಕಟ್ಟಡ, ನಡುವೆ ವಿಶಾಲವಾದ ಚೌಕ, ಸೈಕಲ್ ತಳ್ಳಿಕೊಂಡು ಹೋಗುವ ಹುಡುಗಿ, ಬಲೂನ್ ಹಿಡಿದ ಮಗು, ನೆಡುವ ಮೊದಲೇ ಬೆಳೆದು ನಿಂತ ಮರಗಳು. ಕೆಳಗೆ ದಪ್ಪ ಅಕ್ಷರದಲ್ಲಿ ‘ಮಿಶ್ರ ಬಳಕೆ, ಪಾದಚಾರಿ ಸ್ನೇಹಿ’. ಅಂದರೆ ಮನೆ, ಆಫೀಸು, ಅಂಗಡಿ, ಹೋಟೆಲು ಎಲ್ಲ ಒಂದೇ ಕಡೆ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ಆರಾಮಾಗಿ ನಡೆದು ಹೋಗಬಹುದು ಅಂತ.

ಆಲೋಚನೆ ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಆ ಚಿತ್ರ ನೋಡಿ ಏನೂ ತಿಳಿಯುವುದಿಲ್ಲ. ಇಂಥ ಯೋಜನೆ ಕಣ್ಣಿಗೆ ಬಿದ್ದಾಗಲೆಲ್ಲ ನಾನು ಮೊದಲು ಹುಡುಕುವುದು ನೆಲಮಹಡಿಯ ನಕ್ಷೆಯನ್ನು. ಅದು ಎಲ್ಲೋ ಹಿಂದಿನ ಪುಟಗಳಲ್ಲಿ, ಬಣ್ಣವಿಲ್ಲದ ಗೆರೆಗಳಲ್ಲಿ ಅಡಗಿ ಕೂತಿರುತ್ತದೆ. ಸಿಕ್ಕಿದ ಮೇಲೆ ಬೀದಿಯ ಅಂಚಿನ ಗೆರೆ ಮೇಲೆ ಬೆರಳಿಟ್ಟು ಬಾಗಿಲು ಎಣಿಸುತ್ತಾ ಹೋಗುತ್ತೇನೆ. ನೂರು ಮೀಟರಿಗೆ ಎಷ್ಟು ಬಾಗಿಲು? ಹದಿನೈದೋ ಇಪ್ಪತ್ತೋ ಇದ್ದರೆ ಮುಂದೆ ಓದಬಹುದು. ಒಂದೋ ಎರಡೋ ಇದ್ದರೆ, ಬಲೂನ್ ಹಿಡಿದ ಮಗು ಅಲ್ಲಿಗೆ ಬರುವುದು ಅನುಮಾನ.

ಬಾಗಿಲಿಗೆ ಯಾಕಿಷ್ಟು ಮಹತ್ವ ಅಂತ ಕೇಳಬಹುದು. ಒಂದು ಸಣ್ಣ ಲೆಕ್ಕ ಹಾಕೋಣ. ಮನುಷ್ಯ ಸಾಮಾನ್ಯವಾಗಿ ಗಂಟೆಗೆ 5 ಕಿಲೋಮೀಟರ್ ನಡೆಯುತ್ತಾನೆ. ಹಾಗಾದರೆ ನೂರು ಮೀಟರ್ ದಾಟಲು 72 ಸೆಕೆಂಡು ಬೇಕು. ಬೀದಿಯಲ್ಲಿ ಐದಾರು ಮೀಟರ್ ಅಗಲದ ಅಂಗಡಿಗಳಿದ್ದರೆ ಪ್ರತಿ ನಾಲ್ಕು ಸೆಕೆಂಡಿಗೊಮ್ಮೆ ಹೊಸದೇನೋ ಕಾಣುತ್ತದೆ. ಒಂದು ಕಡೆ ಚಪ್ಪಲಿ ಹೊಲಿಯುವವನು, ಮುಂದೆ ಔಷಧಿ ಅಂಗಡಿ, ಆಮೇಲೆ ಮೇಲಿನ ಮನೆಗಳಿಗೆ ಹತ್ತುವ ಮೆಟ್ಟಿಲು, ಮತ್ತೆ ಯಾರೋ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಾರೆ. ಕಾಲು ತಾನಾಗಿ ಮುಂದೆ ಹೋಗುತ್ತದೆ. ಅದೇ ನೂರು ಮೀಟರ್ ಉದ್ದಕ್ಕೂ ಒಂದೇ ಕಪ್ಪು ಗಾಜಿನ ಗೋಡೆ ಇದ್ದರೆ, ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ನೋಡಲು ಏನೂ ಇಲ್ಲ, ನಿಮ್ಮದೇ ಮುಖದ ನೆರಳು ಬಿಟ್ಟು. ರಾತ್ರಿ ಹತ್ತರ ಮೇಲೆ ಆ ಗೋಡೆ ಪಕ್ಕ ಒಬ್ಬರೇ ನಡೆಯಲು ಯಾರಿಗೆ ಮನಸ್ಸಾಗುತ್ತದೆ? 50 ಕಿಲೋಮೀಟರ್ ವೇಗದ ಕಾರಿನಲ್ಲಿ ಹೋಗುವವನಿಗೆ ಅದೇ ಗೋಡೆ ಏಳು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅವನಿಗೆ ಬೇಜಾರೇನಿಲ್ಲ. ಪಾದಚಾರಿಗೆ ಅಂತ ಬೋರ್ಡು ಹಾಕಿ, ಕಾರಿನವನ ಕಣ್ಣಿಗೆ ಗೋಡೆ ಕಟ್ಟುವ ವಿಚಿತ್ರ ಬಹಳ ಕಡೆ ನಡೆಯುತ್ತದೆ.

ಇಷ್ಟು ಒಳ್ಳೆಯ ಜಾಗ ಇಷ್ಟು ವರ್ಷ ಹಾಗೇ ಬಿದ್ದಿರುವುದು ಯಾಕೆ? ಮಾಲೀಕ ಸೋಮಾರಿ ಅಂತೇನಲ್ಲ. ಸಾಮಾನ್ಯವಾಗಿ ಅವನು ಲೆಕ್ಕದಲ್ಲಿ ಗಟ್ಟಿ ಇರುತ್ತಾನೆ. ಆಸ್ತಿ ತೆರಿಗೆಯಲ್ಲಿ ಕಟ್ಟಡದ ಬೆಲೆಗೆ ದೊಡ್ಡ ಪಾಲು ಇರುವ ಊರುಗಳಲ್ಲಿ ಹಳೇ ಕಟ್ಟಡ ಕೆಡವಿದರೆ ತೆರಿಗೆ ಇಳಿಯುತ್ತದೆ, ಹೊಸದು ಕಟ್ಟಿದರೆ ಏರುತ್ತದೆ. ಹಾಗಾಗಿ ಕೆಡವು, ಕಾರು ನಿಲ್ಲಿಸಲು ಬಿಡು, ಬರುವ ಚಿಲ್ಲರೆಯಲ್ಲಿ ತೆರಿಗೆ ಕಟ್ಟು, ಜಾಗದ ಬೆಲೆ ಏರುವವರೆಗೆ ಕಾಯಿ. ಸುತ್ತಮುತ್ತಲಿನವರು ಕಟ್ಟಿ, ಬೆಳೆಸಿ, ಬೀದಿ ಚೆಂದ ಮಾಡಿದಷ್ಟೂ ಏನೂ ಮಾಡದವನ ಜಾಗದ ಬೆಲೆ ಏರುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್ ಈ ಲೆಕ್ಕವನ್ನೇ ತಿರುಗಿಸಲು ನೋಡಿತ್ತು. 1913ರಿಂದ 2001ರವರೆಗೆ ಅಲ್ಲಿ ನೆಲದ ಮೇಲೆ ಹೆಚ್ಚು ದರದ ತೆರಿಗೆ, ಕಟ್ಟಡದ ಮೇಲೆ ಕಡಿಮೆ ದರದ್ದು. ಖಾಲಿ ಇಟ್ಟುಕೊಂಡು ಕೂರುವುದು ದುಬಾರಿಯಾಗಲಿ ಅನ್ನುವುದು ಅದರ ಹಿಂದಿನ ತರ್ಕ.

ಇನ್ನೊಂದು ಅಡ್ಡಿ ಕಾರಿನದು. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಸಾಕು. ಆದರೆ ಅಲ್ಲಿಗೆ ಹೋಗಿ ಬರಲು ದಾರಿ ಬೇಕು, ತಿರುಗಿಸಲು ಜಾಗ ಬೇಕು, ಇಳಿಜಾರು ಬೇಕು. ಎಲ್ಲ ಸೇರಿ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಹೋಗುತ್ತದೆ. ಪ್ರತಿ 25 ಚದರ ಮೀಟರ್ ಆಫೀಸಿಗೆ ಒಂದು ಕಾರಿನ ಜಾಗ ಕೊಡಲೇಬೇಕು ಅಂತ ನಿಯಮ ಇದ್ದರೆ ಏನಾಯಿತು? ಮನುಷ್ಯರಿಗೆ ಎಷ್ಟೋ ಕಾರಿಗೂ ಅಷ್ಟೇ. ಇಂಥ ನಿಯಮದಲ್ಲಿ ಊರ ನಡುವಿನ ಸಣ್ಣ ಸೈಟಿನಲ್ಲಿ ಯಾರೂ ಏನೂ ಕಟ್ಟಲಾರರು. ಕಟ್ಟುವ ತಾಕತ್ತಿರುವುದು ನಾಲ್ಕಾರು ಸೈಟು ಒಟ್ಟು ಮಾಡಿ, ಮೂರು ಬೇಸ್‌ಮೆಂಟ್ ಅಗೆಯಬಲ್ಲ ದೊಡ್ಡ ಕುಳಕ್ಕೆ ಮಾತ್ರ. ಬೇಸ್‌ಮೆಂಟ್ ಖರ್ಚು ಮೇಲಿನ ಮನೆಯ ಬೆಲೆಗೆ ಸೇರುತ್ತದೆ, ಕಾರಿಲ್ಲದವನೂ ಅದನ್ನು ಕೊಡಬೇಕು. ಲಂಡನ್ 2004ರಲ್ಲೇ ‘ಇಷ್ಟಾದರೂ ಪಾರ್ಕಿಂಗ್ ಕೊಡು’ ಅನ್ನುವುದನ್ನು ಬಿಟ್ಟು ‘ಇದಕ್ಕಿಂತ ಜಾಸ್ತಿ ಕೊಡಬೇಡ’ ಅನ್ನುವ ನಿಯಮಕ್ಕೆ ಬಂತು. ಅಮೆರಿಕದ ಬಫಲೋ ನಗರ 2017ರಲ್ಲಿ ಕನಿಷ್ಠ ಪಾರ್ಕಿಂಗ್ ನಿಯಮ ಕೈಬಿಟ್ಟಿತು. ನ್ಯೂಜಿಲೆಂಡ್ 2020ರಲ್ಲಿ ರಾಷ್ಟ್ರೀಯ ನೀತಿಯನ್ನೇ ತಂದು ನಗರಗಳಿಗೆ ಇದನ್ನು ತೆಗೆಯಲು ಹೇಳಿತು. ಯಾರೂ ಕಾರನ್ನು ನಿಷೇಧ ಮಾಡಲಿಲ್ಲ. ಪಾರ್ಕಿಂಗ್ ಕಟ್ಟಲೇಬೇಕು ಅನ್ನುವ ಕಡ್ಡಾಯವಿಲ್ಲ ಅಂದರು, ಅಷ್ಟೇ.

ಹಾಗಂತ ಕಾರನ್ನು ಹೊರಗಟ್ಟಿಬಿಟ್ಟರೆ ಜನ ಬಂದುಬಿಡುತ್ತಾರಾ? ಇಲ್ಲಿ ಎರಡು ಊರಿನ ಕಥೆ ಪಕ್ಕಪಕ್ಕ ಇಟ್ಟು ನೋಡಬೇಕು.

ಮಿಷಿಗನ್ನಿನ ಕಲಮಜೂ ಅನ್ನುವ ಊರು 1959ರಲ್ಲಿ ತನ್ನ ಮುಖ್ಯ ಅಂಗಡಿ ಬೀದಿಗೆ ಕಾರು ಬರದಂತೆ ಮಾಡಿತು. ಅಮೆರಿಕದಲ್ಲಿ ಅದೇ ಮೊದಲು. ನೋಡಿ ಖುಷಿಯಾದ ಇತರ ಊರುಗಳು ಮುಂದಿನ ಎರಡು ದಶಕಗಳಲ್ಲಿ ಇಂಥ ಬೀದಿಗಳನ್ನು ಸಾಲುಸಾಲಾಗಿ ಮಾಡಿದವು, ಇನ್ನೂರರಷ್ಟು ಆದವು. ಆಮೇಲೆ ಬಹುಪಾಲು ಸೋತವು. ಚಿಕಾಗೋದ ಸ್ಟೇಟ್ ಸ್ಟ್ರೀಟ್ 1979ರಲ್ಲಿ ಬಸ್ಸು ಮತ್ತು ಪಾದಚಾರಿಗಳಿಗೆ ಮಾತ್ರ ಅಂತಾಯಿತು, 1996ರಲ್ಲಿ ಮತ್ತೆ ಕಾರಿಗೆ ತೆರೆಯಿತು. ಕಲಮಜೂ ಕೂಡ 1998ರಲ್ಲಿ ತನ್ನ ಬೀದಿಯ ಒಂದು ಭಾಗಕ್ಕೆ ಕಾರನ್ನು ವಾಪಸ್ ಬಿಟ್ಟಿತು.

ಇತ್ತ ಡೆನ್ಮಾರ್ಕಿನ ಕೋಪನ್‌ಹೇಗನ್ 1962ರಲ್ಲಿ ಸ್ಟ್ರೋಯೆಟ್ ಬೀದಿಯನ್ನು, ಅದೂ ಪ್ರಯೋಗ ಅಂತ ಹೇಳಿ, ನಡೆಯುವವರಿಗೆ ಬಿಟ್ಟುಕೊಟ್ಟಿತು. ಅಂಗಡಿಯವರು ವ್ಯಾಪಾರ ಹೋಯಿತು ಅಂತ ಗಲಾಟೆ ಮಾಡಿದರು. ಆ ಬೀದಿ ಇವತ್ತಿಗೂ ತುಂಬಿ ತುಳುಕುತ್ತದೆ, ಸುತ್ತಲಿನ ಬೀದಿಗಳೂ ಚೌಕಗಳೂ ಒಂದೊಂದಾಗಿ ಅದಕ್ಕೆ ಸೇರಿಕೊಂಡಿವೆ. ಚಳಿ, ಮಳೆ, ಮಧ್ಯಾಹ್ನಕ್ಕೇ ಕತ್ತಲಾಗುವ ಡಿಸೆಂಬರ್ ಎಲ್ಲ ಇದ್ದೂ!

ಎರಡರ ನಡುವಿನ ವ್ಯತ್ಯಾಸ ನೆಲಕ್ಕೆ ಹಾಸಿದ ಕಲ್ಲಿನದಲ್ಲ. ಕೋಪನ್‌ಹೇಗನ್ನಿನ ನಡುಭಾಗದಲ್ಲಿ ಅಂಗಡಿ ಮೇಲೆ ಜನ ವಾಸ ಮಾಡುತ್ತಿದ್ದರು, ಪಕ್ಕದಲ್ಲೇ ವಿಶ್ವವಿದ್ಯಾಲಯವಿತ್ತು, ಬೀದಿಯ ಒಂದು ತುದಿಯಿಂದ ಸ್ವಲ್ಪ ನಡೆದರೆ ಮುಖ್ಯ ರೈಲು ನಿಲ್ದಾಣ, ಕಿರಿದಾದ ಹಳೇ ಕಟ್ಟಡಗಳ ಒತ್ತೊತ್ತಾದ ಬಾಗಿಲುಗಳು. ಅಮೆರಿಕದ ಊರುಗಳಲ್ಲಿ ಅದೇ ಹೊತ್ತಿಗೆ ಮನೆಗಳು ಹೊರವಲಯಕ್ಕೆ ಓಡುತ್ತಿದ್ದವು, ಅವುಗಳ ಹಿಂದೆಯೇ ಅಂಗಡಿಗಳೂ ಹೊಸ ಮಾಲ್‌ಗಳಿಗೆ. ಐದು ಗಂಟೆಗೆ ಆಫೀಸು ಖಾಲಿಯಾದರೆ ಬೀದಿಯೂ ಖಾಲಿ. ಹಿಂದೆ ಕಾರುಗಳಾದರೂ ಓಡಾಡುತ್ತಿದ್ದವು, ಈಗ ಅವೂ ಇಲ್ಲ.

ಅದಕ್ಕೇ ಮಿಶ್ರ ಬಳಕೆ ಅಂದಾಗ ಏನೇನು ಬೆರೆತಿದೆ ಅನ್ನುವುದರ ಜೊತೆ ಯಾವ ಹೊತ್ತಿಗೆ ಯಾರು ಇರುತ್ತಾರೆ ಅಂತಲೂ ಕೇಳಬೇಕು. ಆಫೀಸು ಮತ್ತು ಬ್ಯಾಂಕು ಬೆರೆಸಿದರೆ ಕಾಗದದ ಮೇಲೆ ಎರಡು ಬಳಕೆ, ಆದರೆ ಎರಡೂ ಒಂದೇ ಹೊತ್ತಿಗೆ ತೆರೆದು ಒಂದೇ ಹೊತ್ತಿಗೆ ಮುಚ್ಚುತ್ತವೆ. ಬೆಳಗ್ಗೆ ಶಾಲೆಗೆ ಮಕ್ಕಳನ್ನು ಬಿಡುವವರು, ಹತ್ತರ ಮೇಲೆ ತರಕಾರಿಗೆ ಬರುವ ವಯಸ್ಸಾದವರು, ಮಧ್ಯಾಹ್ನ ಊಟಕ್ಕೆ ಇಳಿಯುವ ಆಫೀಸಿನವರು, ಸಂಜೆ ಕಾಲೇಜಿನ ಹುಡುಗರು, ರಾತ್ರಿ ನಾಟಕ ಬಿಟ್ಟು ಮನೆಗೆ ಹೋಗುವವರು, ಹೀಗೆ ಒಂದೇ ಫುಟ್‌ಪಾತನ್ನು ಬೇರೆಬೇರೆ ಜನ ಸರದಿ ಮೇಲೆ ಬಳಸಿದಾಗ ಅಂಗಡಿಗೂ ವ್ಯಾಪಾರ, ಬೀದಿಗೂ ಕಾವಲು. ಮೆಲ್ಬರ್ನ್ ಇದನ್ನು ಅರ್ಥ ಮಾಡಿಕೊಂಡಿತು. 1980ರ ದಶಕದಲ್ಲಿ ಅದರ ನಡುಭಾಗದಲ್ಲಿ ಮನೆಗಳು ಬೆರಳೆಣಿಕೆಯಷ್ಟಿದ್ದವು, ಸಂಜೆಯಾದರೆ ಭಣಭಣ. 1992ರಲ್ಲಿ ‘ಪೋಸ್ಟ್‌ಕೋಡ್ 3000’ ಅನ್ನುವ ಯೋಜನೆ ಮಾಡಿ, ಖಾಲಿ ಬಿದ್ದ ಹಳೇ ಆಫೀಸು, ಗೋದಾಮುಗಳನ್ನು ಮನೆಗಳಾಗಿ ಬದಲಾಯಿಸುವವರಿಗೆ ನೆರವು ಕೊಟ್ಟರು. ಜನ ವಾಸಕ್ಕೆ ಬಂದ ಮೇಲೆ ಹಿಂದೆ ಕಸದ ತೊಟ್ಟಿ ಇಡುವ ಸಂದಿಗಳಾಗಿದ್ದ ಗಲ್ಲಿಗಳಲ್ಲಿ ಕಾಫಿ ಅಂಗಡಿಗಳು ಹುಟ್ಟಿದವು. ಈಗ ಪ್ರವಾಸಿಗರು ಆ ಗಲ್ಲಿ ನೋಡಲೆಂದೇ ಹೋಗುತ್ತಾರೆ.

ಈಗ ಕಟ್ಟಡದ ಒಳಗೆ ಹೋಗೋಣ. ನನಗೆ ಇದೇ ಇಷ್ಟದ ಭಾಗ, ಮತ್ತು ಯೋಜನೆಗಳು ಕೈಕೊಡುವುದೂ ಇಲ್ಲೇ.

ಕೆಳಗೆ ಅಂಗಡಿ, ಮೇಲೆ ಮನೆ, ನೆಲದಡಿ ಕಾರು. ಹೇಳಲು ಸುಲಭ. ಆದರೆ ಈ ಮೂರಕ್ಕೂ ಬೇರೆಬೇರೆ ಅಳತೆ ಬೇಕು. ಕಾರಿಗೆ ಎರಡು ಕಾಲಂಗಳ ನಡುವೆ ಸುಮಾರು ಎಂಟು ಮೀಟರ್ ಇದ್ದರೆ ಮೂರು ನಿಲ್ಲುತ್ತವೆ. ಮನೆಯ ಕೋಣೆ ಮೂರು ನಾಲ್ಕು ಮೀಟರಿನದು, ಗೋಡೆಗಳೂ ಅದಕ್ಕೆ ತಕ್ಕಂತೆ ಬರುತ್ತವೆ. ಅಂಗಡಿಯವನಿಗೆ ನಡುವೆ ಕಾಲಂ ಇರಲೇಬಾರದು. ಮೇಲಿನ ಕಾಲಂ ಕೆಳಗಿನ ಕಾಲಂ ಮೇಲೆ ಕೂರದಿದ್ದರೆ, ನಡುವೆ ಒಂದು ದಪ್ಪ ಸ್ಲ್ಯಾಬೋ ದೈತ್ಯ ಬೀಮುಗಳೋ ಬಂದು ಆ ಭಾರವನ್ನೆಲ್ಲ ಪಕ್ಕಕ್ಕೆ ಹೊತ್ತು ಹಾಕಬೇಕು. ಅದಕ್ಕೆ ಕಬ್ಬಿಣ, ಕಾಂಕ್ರೀಟು, ದುಡ್ಡು. ಖರ್ಚು ಉಳಿಸಲು ಹೊರಟರೆ ಮೊದಲು ಬಲಿಯಾಗುವುದು ನೆಲಮಹಡಿ. ಅಂಗಡಿ ನಡುವೆ ಕಾಲಂಗಳು ಬಂದು ನಿಲ್ಲುತ್ತವೆ, ಮೇಲಿನ ಬಚ್ಚಲುಗಳ ಪೈಪುಗಳೆಲ್ಲ ಅಂಗಡಿಯ ಸೂರಿನಲ್ಲಿ ಇಳಿಯುತ್ತವೆ.

ಇನ್ನು ಹೊಗೆ. ಇಂಥ ಒಂದು ಯೋಜನೆಯ ಮಾತುಕತೆಯಲ್ಲಿ ನಾನೂ ಕೂತಿದ್ದೆ. ಗೋಡೆ ಮೇಲೆ ಚೆಂದದ ಚಿತ್ರ, ಚೌಕದ ಸುತ್ತ ಹೋಟೆಲುಗಳು, ಹೊರಗೆ ಕುರ್ಚಿ ಮೇಜು. ಮೂಲೆಯಲ್ಲಿ ಕೂತಿದ್ದ ಹಿರಿಯ ಎಂಜಿನಿಯರೊಬ್ಬರು ಕನ್ನಡಕ ಮೇಲಕ್ಕೇರಿಸಿ, ‘ಒಗ್ಗರಣೆ ಹೊಗೆ ಎಲ್ಲಿಂದ ಹೋಗುತ್ತೆ ಸಾರ್?’ ಅಂತ ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅಡುಗೆಮನೆಯ ಹೊಗೆ ಪಕ್ಕದ ಗೋಡೆಯಿಂದ ಬಿಟ್ಟರೆ ಮೇಲಿನ ಮನೆಯವರ ಕಿಟಕಿಗೆ ಬರುತ್ತದೆ. ಹಾಗಾಗಿ ಹೊಗೆ ಸಾಗಿಸುವ ಕೊಳವೆ, ಅಂದರೆ ಡಕ್ಟ್, ನೆಲಮಹಡಿಯಿಂದ ಛಾವಣಿವರೆಗೆ ನೇರ ಏರಬೇಕು, ಅಂದರೆ ಪ್ರತಿ ಮಹಡಿಯಲ್ಲೂ ಒಂದಿಷ್ಟು ಮಾರಬಹುದಾದ ಜಾಗ ಅದಕ್ಕೆ ಹೋಗುತ್ತದೆ, ಬೆಂಕಿ ದಾಟದಂತೆ ಸುತ್ತ ಗೋಡೆಯೂ ಬೇಕು. ಮೊದಲ ದಿನವೇ ನಕ್ಷೆಯಲ್ಲಿ ಅದಕ್ಕೆ ದಾರಿ ಬಿಡದಿದ್ದರೆ ಆ ಕಟ್ಟಡ ನಿಂತಿರುವಷ್ಟು ಕಾಲ ಕೆಳಗೆ ಒಲೆ ಹಚ್ಚುವ ಹೋಟೆಲು ಬರುವುದು ಕಷ್ಟ. ಚಿತ್ರದಲ್ಲಿ ಹೋಟೆಲು, ನಿಜದಲ್ಲಿ ಇನ್ನೊಂದು ಮೊಬೈಲ್ ಶೋರೂಮು.

ನೆಲಮಹಡಿಯ ಎತ್ತರವೂ ಹಾಗೇ. ನಾಲ್ಕೂವರೆ ಮೀಟರ್ ಎತ್ತರ ಇಟ್ಟರೆ ಇವತ್ತು ಅಂಗಡಿ, ನಾಳೆ ಕ್ಲಿನಿಕ್, ನಾಡಿದ್ದು ಗ್ರಂಥಾಲಯ, ಏನು ಬೇಕಾದರೂ ಆಗಬಹುದು. ಮೂರು ಮೀಟರಿಗೆ ಇಳಿಸಿದರೆ ಮೇಲೆ ಇನ್ನೊಂದು ಮಹಡಿ ಗಿಟ್ಟಬಹುದು, ಕೆಳಗಿನದು ಮಾತ್ರ ಎಂದಿಗೂ ಕತ್ತಲ ಗೂಡು. ಲಾರಿ ಎಲ್ಲಿ ನಿಲ್ಲುತ್ತದೆ, ಕಸ ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನುವುದೂ ನೋಡಬೇಕಾದ್ದೇ. ಹಿಂಬಾಗಿಲಿಗೆ ಜಾಗ ಕೊಡದಿದ್ದರೆ ಮುಂಬಾಗಿಲಲ್ಲೇ ಲಾರಿ ನಿಲ್ಲುತ್ತದೆ, ಆಗ ಪಾದಚಾರಿ ಚೌಕ ಬೆಳಗ್ಗೆಯೆಲ್ಲ ಸಾಮಾನು ಇಳಿಸುವ ಅಂಗಳ.

ಮರದ ವಿಷಯ ಇನ್ನೂ ತಮಾಷೆ. ಚಿತ್ರದಲ್ಲಿ ನಾಲ್ಕು ಮಹಡಿ ಎತ್ತರದ ಮರಗಳಿರುತ್ತವೆ. ನಕ್ಷೆ ನೋಡಿದರೆ ಆ ಚೌಕದ ಅಡಿಯಲ್ಲಿ ಪೂರ್ತಿ ಬೇಸ್‌ಮೆಂಟ್. ದೊಡ್ಡ ಮರಕ್ಕೆ ಕನಿಷ್ಠ ಒಂದು ಒಂದೂವರೆ ಮೀಟರ್ ಆಳದ, ಅಗಲವಾಗಿ ಹರಡಿದ ಮಣ್ಣು ಬೇಕು. ನೀರು ಕುಡಿದ ಮಣ್ಣಿನ ಭಾರ ಹೊರಲು ಕೆಳಗಿನ ಸ್ಲ್ಯಾಬಿಗೆ ಶಕ್ತಿ ಬೇಕು. ಇವೆರಡೂ ಇಲ್ಲದಿದ್ದರೆ ನಿಮಗೆ ಸಿಗುವುದು ಸಿಮೆಂಟು ತೊಟ್ಟಿಯಲ್ಲಿ ಬಾಡಿದ ಪಾಮ್ ಗಿಡ. ನೆರಳಿಲ್ಲದ ಚೌಕದಲ್ಲಿ ಮಧ್ಯಾಹ್ನ ಯಾರು ಕೂರುತ್ತಾರೆ?

ಗಾಳಿಯನ್ನು ಕೂಡ ಮರೆಯುವ ಹಾಗಿಲ್ಲ. ಸುತ್ತ ತಗ್ಗಿನ ಕಟ್ಟಡಗಳಿದ್ದು ನಡುವೆ ಒಂದೇ ಗೋಪುರ ಎದ್ದರೆ, ಮೇಲೆ ಬೀಸುವ ಗಾಳಿ ಗೋಡೆಗೆ ಬಡಿದು ಕೆಳಗಿಳಿದು ಮೂಲೆಗಳಲ್ಲಿ ನುಗ್ಗುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬ್ರಿಜ್‌ವಾಟರ್ ಪ್ಲೇಸ್ ಅನ್ನುವ 32 ಮಹಡಿಯ ಕಟ್ಟಡ ಎದ್ದ ಮೇಲೆ ಅದರ ಬುಡದಲ್ಲಿ ನಡೆಯುವುದೇ ಕಷ್ಟವಾಯಿತು. 2011ರಲ್ಲಿ ಅಲ್ಲಿನ ಗಾಳಿಗೆ ಲಾರಿಯೊಂದು ಉರುಳಿ, ನಡೆದು ಹೋಗುತ್ತಿದ್ದ ವ್ಯಕ್ತಿಯೊಬ್ಬರು ಅದರಡಿ ಸಿಕ್ಕಿ ತೀರಿಕೊಂಡರು. ಆಮೇಲೆ ರಸ್ತೆಗೆ ಅಡ್ಡಲಾಗಿ ದೊಡ್ಡ ಗಾಳಿತಡೆಗಳನ್ನು ಕಟ್ಟಬೇಕಾಯಿತು. ಗೋಪುರವನ್ನು ಬೀದಿ ಅಂಚಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿ, ಮುಂದೆ ನಾಲ್ಕೈದು ಮಹಡಿಯ ತಗ್ಗಿನ ಭಾಗ ಇಟ್ಟರೆ ಇಳಿಯುವ ಗಾಳಿ ಬಹಳಷ್ಟು ಅಲ್ಲೇ ತಡೆಯುತ್ತದೆ. ಬೀದಿಯಲ್ಲಿ ನಿಂತವನ ಕಣ್ಣಿಗೂ ಅದು ಹಿತ.

ಇಷ್ಟೆಲ್ಲ ಆದ ಮೇಲೆ ದೊಡ್ಡ ಜಾಗದ ಒಳಗೆ ದಾರಿಗಳು ಎಷ್ಟು ಅನ್ನುವ ಪ್ರಶ್ನೆ ಬರುತ್ತದೆ. ಅಮೆರಿಕದ ಒರೆಗಾನ್‌ನ ಪೋರ್ಟ್‌ಲ್ಯಾಂಡಿನಲ್ಲಿ ಒಂದು ಬ್ಲಾಕ್, ಅಂದರೆ ಒಂದು ಬೀದಿ ಮೂಲೆಯಿಂದ ಇನ್ನೊಂದಕ್ಕೆ, ಸುಮಾರು 61 ಮೀಟರ್, ನಿಮಿಷದೊಳಗೆ ಮುಂದಿನ ಮೂಲೆ ಸಿಗುತ್ತದೆ. ಸಾಲ್ಟ್ ಲೇಕ್ ಸಿಟಿಯಲ್ಲಿ ಸುಮಾರು 200 ಮೀಟರ್. ತಪ್ಪು ತಿರುವು ತೆಗೆದುಕೊಂಡರೆ ಕತೆ ಮುಗಿಯಿತು. ಮೂಲೆ ಜಾಸ್ತಿ ಇದ್ದಷ್ಟೂ ದಾರಿ ಜಾಸ್ತಿ, ದಾರಿ ಜಾಸ್ತಿ ಇದ್ದಷ್ಟೂ ಬಾಗಿಲಿಗೆ ಜಾಗ ಜಾಸ್ತಿ. ಹಳೇ ರೈಲ್ವೆ ಯಾರ್ಡೋ ಕಾರ್ಖಾನೆಯೋ ಇದ್ದ ಜಾಗ ಊರಿನ ನಡುವೆ ಗೋಡೆ ಹಾಗೆ ನಿಂತಿರುತ್ತದೆ. ಅದನ್ನು ಬಿಚ್ಚಿ ಅಕ್ಕಪಕ್ಕದ ಬೀದಿಗಳನ್ನು ಒಳಗೆ ಹರಿಸದೆ, ಹೊಸ ಕಟ್ಟಡಗಳನ್ನು ಒಳಮುಖವಾಗಿ ನಿಲ್ಲಿಸಿದರೆ ಹಳೇ ಗೋಡೆ ಹೋಗಿ ಹೊಸ ಗೋಡೆ ಬಂತು ಅಷ್ಟೇ.

ಲಂಡನ್ನಿನ ಕಿಂಗ್ಸ್ ಕ್ರಾಸ್ ಈ ವಿಷಯದಲ್ಲಿ ನೋಡುವಂಥದ್ದು. 67 ಎಕರೆ ರೈಲ್ವೆ ಮತ್ತು ಗೋದಾಮು ಭೂಮಿ, ಎರಡು ದೊಡ್ಡ ನಿಲ್ದಾಣಗಳ ಬೆನ್ನಿಗೇ, ದಶಕಗಟ್ಟಲೆ ಪಾಳು ಬಿದ್ದಿತ್ತು. 2006ರಲ್ಲಿ ಒಟ್ಟು ಯೋಜನೆಗೆ ಅನುಮತಿ ಸಿಕ್ಕಿತು. ಅವರು ಮೊದಲು ಬೀದಿಗಳನ್ನು ಗುರುತು ಮಾಡಿದರು, ಇಪ್ಪತ್ತು ಹೊಸ ಬೀದಿಗಳು, ಹತ್ತು ಚೌಕ ಮತ್ತು ಉದ್ಯಾನಗಳು, ಅವುಗಳ ಸುತ್ತ ಕಟ್ಟಡ. 1852ರ ಧಾನ್ಯದ ಗೋದಾಮನ್ನು ಕೆಡವದೆ ಉಳಿಸಿಕೊಂಡು, 2011ರಲ್ಲಿ ಅಲ್ಲಿಗೆ ಒಂದು ದೊಡ್ಡ ಕಲಾ ಕಾಲೇಜನ್ನು ತಂದರು. ನನ್ನ ಪ್ರಕಾರ ಇದೇ ಅಲ್ಲಿನ ಜಾಣತನ. ದೊಡ್ಡ ಆಫೀಸುಗಳಿಗಿಂತ ಮೊದಲೇ ಸಾವಿರಾರು ವಿದ್ಯಾರ್ಥಿಗಳು ಬಂದರು. ಅವರ ಕೈಯಲ್ಲಿ ದುಡ್ಡಿಲ್ಲ, ಸಮಯ ಇದೆ, ಹೊತ್ತುಗೊತ್ತಿಲ್ಲದೆ ಓಡಾಡುತ್ತಾರೆ, ಮೆಟ್ಟಿಲ ಮೇಲೆ ಕೂರುತ್ತಾರೆ. ಕಾಲೇಜಿನ ಎದುರಿನ ಚೌಕದಲ್ಲಿ ನೆಲದಿಂದ ಚಿಮ್ಮುವ 1,080 ನೀರಿನ ಚಿಲುಮೆಗಳು. ಬೇಸಿಗೆಯಲ್ಲಿ ಸುತ್ತಲಿನ ಬಡಾವಣೆಗಳ ಮಕ್ಕಳು ಚಡ್ಡಿಯಲ್ಲಿ ಬಂದು ನೆನೆಯುತ್ತಾರೆ, ಟಿಕೆಟ್ ಇಲ್ಲ.

ಆದರೆ ಆ ಚೌಕ ಸಾರ್ವಜನಿಕರದ್ದಲ್ಲ, ಖಾಸಗಿಯವರದ್ದು. 2019ರಲ್ಲಿ ಅಲ್ಲಿ ಓಡಾಡುವವರ ಮುಖ ಗುರುತಿಸುವ ಕ್ಯಾಮೆರಾ ತಂತ್ರಜ್ಞಾನ ಬಳಸಲಾಗಿತ್ತು ಅನ್ನುವ ಸುದ್ದಿ ಹೊರಬಂದು ದೊಡ್ಡ ಗದ್ದಲವಾಯಿತು. ಇನ್ನು ಬಳಸುವುದಿಲ್ಲ ಅಂತ ಆಮೇಲೆ ಹೇಳಿದರು. ಬೀದಿ ಥರ ಕಾಣುವುದೆಲ್ಲ ಬೀದಿ ಅಲ್ಲ. ಬೀದಿಯಲ್ಲಿ ನಿಲ್ಲಲು, ಫೋಟೋ ತೆಗೆಯಲು, ಘೋಷಣೆ ಕೂಗಲು ಯಾವ ಮಾಲೀಕನ ಅಪ್ಪಣೆಯೂ ಬೇಕಿಲ್ಲ. ಖಾಸಗಿ ಚೌಕದಲ್ಲಿ ಸೆಕ್ಯುರಿಟಿಯವನು ‘ಏನ್ ಕೆಲಸ ಇಲ್ಲಿ?’ ಅಂತ ಕೇಳಬಹುದು. ಹೊಸ ಬೀದಿಗಳನ್ನು ಕಟ್ಟಿ ಮುಗಿದ ಮೇಲೆ ನಗರಪಾಲಿಕೆಗೆ ಬಿಟ್ಟುಕೊಡುತ್ತಾರಾ ಇಲ್ಲವಾ ಅಂತ ಕೇಳುವವರು ಕಡಿಮೆ. ಕೇಳಬೇಕು.

ನ್ಯೂಯಾರ್ಕ್ 1961ರಲ್ಲೇ ಒಂದು ವ್ಯಾಪಾರ ಕುದುರಿಸಿತ್ತು. ಬಿಲ್ಡರ್ ತನ್ನ ಜಾಗದಲ್ಲಿ ಸಾರ್ವಜನಿಕ ಚೌಕ ಬಿಟ್ಟರೆ ಹೆಚ್ಚುವರಿ ಮಹಡಿ ಕಟ್ಟಲು ಅವಕಾಶ. ಅತಿ ದಟ್ಟ ಪ್ರದೇಶದಲ್ಲಿ ಒಂದು ಚದರಡಿ ಚೌಕಕ್ಕೆ ಹತ್ತು ಚದರಡಿ ಕಟ್ಟಡ. ಬಿಲ್ಡರುಗಳು ಮುಗಿಬಿದ್ದರು. ಚೌಕಗಳೂ ಆದವು, ಬೆಂಚಿಲ್ಲದ, ನೆರಳಿಲ್ಲದ ಕಲ್ಲುಹಾಸುಗಳು. ಕೆಲವು ಕಡೆ ಕಟ್ಟೆ ಮೇಲೆ ಯಾರೂ ಕೂರದಂತೆ ಮೊಳೆ! 1975ರಲ್ಲಿ ನಿಯಮ ತಿದ್ದಿ, ಇಷ್ಟು ಜಾಗಕ್ಕೆ ಇಷ್ಟು ಅಡಿ ಕೂರುವ ಸ್ಥಳ ಇರಲೇಬೇಕು ಅಂತ ಬರೆಯಬೇಕಾಯಿತು. ನಿಯಮದಲ್ಲಿ ‘ಚೌಕ’ ಅಂತ ಬರೆದರೆ ಸಾಲದು, ‘ಕುರ್ಚಿ’ ಅಂತಲೂ ಬರೆಯಬೇಕು.

ಬಾಗಿಲಿಗೆ ವಾಪಸ್ ಬರುತ್ತೇನೆ. ನಕ್ಷೆಯಲ್ಲಿ ಇಪ್ಪತ್ತು ಬಾಗಿಲು ಇವೆ ಅಂದುಕೊಳ್ಳೋಣ, ಡಕ್ಟ್ ಇದೆ, ಮರಕ್ಕೆ ಮಣ್ಣೂ ಇದೆ. ಆದರೂ ಕಟ್ಟಿದ ಮೇಲೆ ಅಂಗಡಿಗಳು ವರ್ಷಗಟ್ಟಲೆ ಖಾಲಿ. ಗಾಜಿನ ಮೇಲೆ ‘ಬಾಡಿಗೆಗಿದೆ’ ಸ್ಟಿಕ್ಕರು ಬಿಸಿಲಿಗೆ ಬಿಳುಚಿಕೊಂಡಿದೆ. ಬಾಡಿಗೆ ಇಳಿಸಿದರೆ ನಾಳೆಯೇ ಯಾರೋ ಬರುತ್ತಾರೆ ಅಲ್ವಾ? ಇಳಿಸುವುದಿಲ್ಲ. ಯಾಕೆಂದರೆ ಕಟ್ಟಡದ ಬೆಲೆ ಕಟ್ಟುವುದು ಬಾಡಿಗೆ ಮೇಲೆ, ಬ್ಯಾಂಕಿನ ಸಾಲ ನಿಂತಿರುವುದು ಆ ಬೆಲೆ ಮೇಲೆ. ಒಂದು ಅಂಗಡಿಯನ್ನು ಅರ್ಧ ಬಾಡಿಗೆಗೆ ಕೊಟ್ಟರೆ ಕಾಗದದಲ್ಲಿ ಉಳಿದ ಅಂಗಡಿಗಳ ಬೆಲೆಯೂ ಕುಸಿಯುತ್ತದೆ, ಸಾಲ ಕೊಟ್ಟವನು ತಕರಾರು ತೆಗೆಯುತ್ತಾನೆ. ಖಾಲಿ ಇಟ್ಟರೆ ‘ಇನ್ನೂ ಬಾಡಿಗೆಗೆ ಹೋಗಿಲ್ಲ’ ಅಂತ ಹೇಳಿಕೊಂಡು ಹಳೇ ಬೆಲೆಯನ್ನೇ ತೋರಿಸಬಹುದು. ಹೀಗೆ ಬೀದಿಯಲ್ಲಿ ನಡೆಯುವವನಿಗೆ ಮುಚ್ಚಿದ ಶಟರು, ಲೆಕ್ಕದ ಪುಸ್ತಕದಲ್ಲಿ ಲಾಭ.

ಇದಕ್ಕೆ ವಾಸ್ತುಶಿಲ್ಪಿಯ ಬಳಿ ಉತ್ತರ ಇಲ್ಲ, ಒಪ್ಪಂದದಲ್ಲಿ ಮಾತ್ರ ಇದೆ. ನೆಲಮಹಡಿಯ ಒಂದು ಪಾಲನ್ನು ಸಣ್ಣ ಅಳತೆಯ ಅಂಗಡಿಗಳಿಗೇ ಮೀಸಲಿಡುವುದು, ಎರಡು ಮೂರನ್ನು ಒಡೆದು ಒಂದೇ ಮಾಡಲು ಬಿಡದಿರುವುದು, ವ್ಯಾಪಾರ ಕುದುರುವವರೆಗೆ ಬಾಡಿಗೆಯ ಬದಲು ಮಾರಾಟದಲ್ಲಿ ಪಾಲು ತೆಗೆದುಕೊಳ್ಳುವುದು. ಜಾಗದ ಮಾಲೀಕ ಮನೆ ಮಾರಿ ದುಡ್ಡೆಣಿಸಿಕೊಂಡು ಹೊರಟುಹೋಗುವವನಾದರೆ ಇದ್ಯಾವುದೂ ಅವನಿಗೆ ಬೇಕಿಲ್ಲ. ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಇರುವವನಾದರೆ ನೆಲಮಹಡಿಯಲ್ಲಿ ಸ್ವಲ್ಪ ಕಳೆದುಕೊಂಡು ಮೇಲಿನ ಮಹಡಿಗಳಲ್ಲಿ ಗಳಿಸುತ್ತಾನೆ. ಕೆಳಗೆ ಬೀದಿ ಚೆನ್ನಾಗಿದ್ದರೆ ಮೇಲಿನ ಆಫೀಸು, ಮನೆಗಳ ಬಾಡಿಗೆ ಏರುತ್ತದೆ.

ನೆದರ್ಲೆಂಡ್ಸಿನ ರೋಟರ್‌ಡ್ಯಾಮಿನ ಮಾರ್ಕ್ಟ್‌ಹಾಲ್ ಇದಕ್ಕೆ ಇನ್ನೊಂದು ದಾರಿ ಹುಡುಕಿತು. 2014ರಲ್ಲಿ ತೆರೆದ ಈ ಕಟ್ಟಡದಲ್ಲಿ 228 ಮನೆಗಳನ್ನು ಕಮಾನಿನ ಆಕಾರದಲ್ಲಿ ಬಗ್ಗಿಸಿ, ಆ ಕಮಾನಿನಡಿಯ ಜಾಗವನ್ನೇ ಸಂತೆ ಮಾಡಿದರು. ನೆಲದಡಿ 1,200 ಕಾರುಗಳಿಗೆ ಜಾಗ, ಹಾಗಾಗಿ ಕಾರಿನ ಮೋಹ ಅಲ್ಲೂ ಬಿಟ್ಟಿಲ್ಲ. ಒಳಗೆ ನಿಂತು ತಲೆ ಎತ್ತಿದರೆ ಯಾರದೋ ಮನೆಯ ಕಿಟಕಿ ಸಂತೆಗೇ ತೆರೆದಿರುವುದು ಕಾಣುತ್ತದೆ. ಮನೆಗಳ ದುಡ್ಡಿನಲ್ಲಿ ಸಂತೆಗೆ ಸೂರು ಬಂತು ಅನ್ನುವುದು ನನಗೆ ಹಿಡಿಸಿದ ಅಂಶ. ಆದರೆ ಪ್ರತಿ ಊರಿಗೂ ಒಂದು ಕಮಾನು ಬೇಕು ಅಂತ ಹೊರಟರೆ ಕಷ್ಟ. ಇಂಥವು ಒಂದೇ ಇದ್ದರೆ ಚೆಂದ.

ಯಾರ ಮನೆಗಳು ಅನ್ನುವುದು ಉಳಿಯಿತು. ಕೆನಡಾದ ವ್ಯಾಂಕೂವರಿನ ವುಡ್‌ವರ್ಡ್ಸ್ ಅನ್ನುವ ದೊಡ್ಡ ಅಂಗಡಿ ಮಳಿಗೆ 1993ರಲ್ಲಿ ಮುಚ್ಚಿತು. ಸುತ್ತಲಿನದು ಊರಿನ ಅತಿ ಬಡ ಪ್ರದೇಶ. ಕಟ್ಟಡ ವರ್ಷಗಟ್ಟಲೆ ಖಾಲಿ ಬಿತ್ತು, 2002ರಲ್ಲಿ ಮನೆಯಿಲ್ಲದವರೂ ಹೋರಾಟಗಾರರೂ ಒಳಗೆ ನುಗ್ಗಿ, ಆಮೇಲೆ ಹೊರಗಿನ ಫುಟ್‌ಪಾತಿನಲ್ಲಿ ತಿಂಗಳುಗಟ್ಟಲೆ ಠಿಕಾಣಿ ಹೂಡಿದರು. ಕೊನೆಗೆ ನಗರಾಡಳಿತವೇ ಜಾಗ ಕೊಂಡಿತು. ಹಳೆಯದರ ಒಂದು ಭಾಗ ಉಳಿಸಿ ಉಳಿದದ್ದನ್ನು 2006ರಲ್ಲಿ ಉರುಳಿಸಿದರು. 2010ರ ಹೊತ್ತಿಗೆ ಅಲ್ಲಿ 536 ಮಾರಾಟದ ಮನೆಗಳು, ಕಡಿಮೆ ಆದಾಯದವರಿಗೆ 200 ಮನೆಗಳು, ವಿಶ್ವವಿದ್ಯಾಲಯದ ಕಲಾ ವಿಭಾಗ, ದಿನಸಿ ಅಂಗಡಿ, ಆಫೀಸು ಎಲ್ಲ ಒಂದೇ ಬ್ಲಾಕಿನಲ್ಲಿ ಬಂದವು. ಬೆರಕೆ ಅಂದರೆ ಇದು. ಇದೂ ಪೂರ್ತಿ ಸುಖಾಂತ್ಯ ಅಲ್ಲ. ಈ ಒಂದು ಬ್ಲಾಕಿನಿಂದಾಗಿ ಅಕ್ಕಪಕ್ಕದ ಅಗ್ಗದ ಕೋಣೆಗಳ ಬಾಡಿಗೆ ಏರಿ ಹಳಬರು ಜಾಗ ಬಿಡಬೇಕಾಯಿತು ಅನ್ನುವ ವಾದ ಅಲ್ಲಿ ಇನ್ನೂ ನಿಂತಿಲ್ಲ. ಆ ವಾದದಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಜಾಗದ ಒಳಗೆ 200 ಮನೆ ಕೊಟ್ಟು ಬೇಲಿಯಾಚೆ ಏನಾಗುತ್ತದೆ ಅಂತ ನೋಡದಿದ್ದರೆ ಲೆಕ್ಕ ಅರ್ಧ.

ಇಂಥ ಯೋಜನೆಗಳು ಹತ್ತು ಹದಿನೈದು ವರ್ಷ ನಡೆಯುತ್ತವೆ, ಹಂತಹಂತವಾಗಿ. ಮೊದಲ ಹಂತದಲ್ಲಿ ಯಾವುದು ಏಳುತ್ತದೆ ಅನ್ನುವುದರ ಮೇಲೆ ನನ್ನ ಕಣ್ಣು ಯಾವಾಗಲೂ ಇರುತ್ತದೆ. ದುಬಾರಿ ಮನೆಗಳ ಗೋಪುರ ಮೊದಲ ಹಂತದಲ್ಲಿ, ಚೌಕ, ಶಾಲೆ, ಕಡಿಮೆ ಬೆಲೆಯ ಮನೆಗಳು ಕೊನೆಯ ಹಂತದಲ್ಲಿ ಅಂತಿದ್ದರೆ ಹುಷಾರಾಗಬೇಕು. ನಡುವೆ ಮಾರುಕಟ್ಟೆ ಬೀಳುತ್ತದೆ, ಕಂಪನಿ ಕೈ ಬದಲಾಗುತ್ತದೆ, ‘ಈಗಿನ ಪರಿಸ್ಥಿತಿಯಲ್ಲಿ ಅದು ಗಿಟ್ಟುವುದಿಲ್ಲ’ ಅಂತ ಒಂದು ಅರ್ಜಿ ಬರುತ್ತದೆ, ಕೊನೆಯ ಹಂತ ಕಾಗದದಲ್ಲೇ ಉಳಿಯುತ್ತದೆ. ಚೌಕ ಮುಗಿಯದೆ ಗೋಪುರದಲ್ಲಿ ಜನ ವಾಸಕ್ಕೆ ಹೋಗುವಂತಿಲ್ಲ ಅಂತ ಅನುಮತಿ ಪತ್ರದಲ್ಲೇ ಬರೆದಿದ್ದರೆ ಆ ಅರ್ಜಿಗೆ ಅವಕಾಶವೇ ಇರುವುದಿಲ್ಲ. ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುವ ಅವಧಿಯಲ್ಲಿ ಬಹುತೇಕ ಪತ್ರಗಳು ಬರುವುದು ಕಟ್ಟಡ ತೀರಾ ಎತ್ತರವಾಯಿತು ಅಂತಲೇ. ಹಂತಗಳ ಪಟ್ಟಿ ಇರುವ ಪುಟವನ್ನು ಯಾರೂ ತಿರುಗಿಸುವುದಿಲ್ಲ. ಅದು ನೆಲಮಹಡಿ ನಕ್ಷೆಗಿಂತಲೂ ಹಿಂದೆ, ಅನುಬಂಧದಲ್ಲಿ ಇರುತ್ತದೆ.